ಅರ್ಕಾವತ್ತು

ಅರಸೀಕೆರೆ, ಸ್ಟೇಷನ್ ರಸ್ತೆ, ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ.
ಹತ್ತೊಂಬತ್ತು ವರ್ಷದಿಂದ ಒಂದೇ ಕೆಲಸ ನನ್ನದು:
ಹಳೇ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ದಾಟಿಸುವುದು.
ದಾಟಿಸುವುದು ಪ್ರೋಗ್ರಾಮು,
ನಾನು ಅದಕ್ಕೆ ತೇಪೆ ಹಚ್ಚುವವನು.
ಯಾರೂ ಕಾಸು ಕೊಡಬೇಕಿಲ್ಲ,
ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು.

ಬರೆದವರು ಇಬ್ಬರು. ಮರುಳಸಿದ್ದಪ್ಪ ಈಗಿಲ್ಲ.
ನಾನೂರ ಹನ್ನೆರಡನೇ ಸಾಲಿನ ತಲೆಯ ಮೇಲೆ
ಅವನ ಟಿಪ್ಪಣಿ ಇನ್ನೂ ಇದೆ:
"ಇಲ್ಲಿ ಕೈ ಹಾಕ್ಬೇಡ ಕಣಪ್ಪ,
ಹೆಂಗೆ ನಡೀತೈತೋ ನಂಗೂ ಗೊತ್ತಿಲ್ಲ."
ನಾನು ಹಾಕಲಿಲ್ಲ.

ಹೋದ ಶ್ರಾವಣದಲ್ಲಿ ಬಲಗಣ್ಣಿಗೆ ಪೊರೆ.
ಡಾಕ್ಟರು ತೆಗೆದರು. ಆದರೂ ಸಂಜೆ ಏಳು ದಾಟಿದರೆ
ಅರ್ಧವಿರಾಮ ಯಾವುದು, ಅಲ್ಪವಿರಾಮ ಯಾವುದು
ತಿಳಿಯುವುದಿಲ್ಲ. ಪ್ರೋಗ್ರಾಮಿಗೆ ತಿಳಿಯುತ್ತದೆ,
ತಿಳಿದು ನಿಂತುಬಿಡುತ್ತದೆ.
ಹಾಗಾಗಿ ಜನ ಹುಡುಕಲು ಹೊರಟೆ.

ಪಾಲಿಟೆಕ್ನಿಕ್ಕಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ.
ಬೋರ್ಡಿನ ಮೇಲೆ 'ಮರ್ಯಾದೆ' ಅಂತ ಬರೆದೆ.
ನೋಡಿ, ನಾಲಿಗೆ ಆ 'ರ್' ಅನ್ನು ಮೊದಲು ಅನ್ನುತ್ತದೆ,
ಕೈ ಅದನ್ನು ಆಮೇಲೆ ಕೂರಿಸುತ್ತದೆ.
ಹಳೇ ಫಾಂಟು ಕೈಯ ಮಾತು ಕೇಳುವುದು,
ಯೂನಿಕೋಡು ನಾಲಿಗೆಯ ಮಾತು.
ನಡುವೆ ಎತ್ತಿಡುವಾಗ ಜಾರಿದರೆ
ಮರ್ಯಾದೆ ಹೋಗಿ 'ಮಯಾರ್ದೆ' ಆಗುತ್ತದೆ.
ನಕ್ಕರು. ನಕ್ಕಿದ್ದು ನೋಡಿ ನನಗೆ ಆಸೆ ಹುಟ್ಟಿತು.
"ಸ್ಟೈಪೆಂಡ್ ಎಷ್ಟು ಸಾರ್?"
"ಸರ್ಟಿಫಿಕೇಟ್ ಮೇಲೆ ಸೀಲು ಬರುತ್ತಾ?"
ನ್ಯಾಯವಾದ ಪ್ರಶ್ನೆಗಳೇ. ನನ್ನ ಹತ್ತಿರ ಸೀಲು ಒಂದಿದೆ,
ಅದು ಜೆರಾಕ್ಸ್ ಅಂಗಡಿಯದು.

ಹನ್ನೊಂದು ಜನ ಹೆಸರು ಬರೆಸಿದರು.
ಎರಡನೇ ಭಾನುವಾರಕ್ಕೆ ನಾಲ್ವರು.
ಮೂರನೆಯದಕ್ಕೆ ಇಪ್ಪತ್ತು ಇಡ್ಲಿ ಕಟ್ಟಿಸಿಕೊಂಡು ಕೂತಿದ್ದೆ,
ತಿಂದದ್ದು ನಾನೂ ಸ್ಟೇಷನ್ನಿನ ಹಮಾಲಿ ಓಂಕಾರಿಯೂ.
ಒಬ್ಬ ಹುಡುಗ ಮೆಸೇಜು ಹಾಕಿದ್ದ:
"ಸಾರಿ ಸಾರ್, ಇಂಟರ್ನಲ್ಸ್."

ಆಮೇಲೊಂದು ಸೋಮವಾರ ಕಡೂರಿನಿಂದ ಫೋನು.
ನಮಸ್ಕಾರ ಇಲ್ಲ, ಏನಿಲ್ಲ.
"ಇದನ್ನ ಮಾಡಿರೋದು ನೀವಾ?
ಹಾಲಿನ ಸೊಸೈಟಿ ಸದಸ್ಯರ ಪಟ್ಟಿ ದಾಟಿಸಿದೆ.
ಕಾರ್ಯದರ್ಶಿ ಕಾಯರ್ದಶಿರ್ ಆಗವ್ರೆ,
ಪಾರ್ವತಮ್ಮ ಪಾವರ್ತಮ್ಮ ಆಗವ್ರೆ.
ಪಾವರ್ತಮ್ಮ ಯಾರು, ಯಾವಾಗ ಸೇರಿದ್ರು ಅಂತ
ಮೀಟಿಂಗಲ್ಲಿ ಕೇಳಿದ್ರೆ ನಾನೇನು ಹೇಳ್ಲಿ?"
ಹೆಸರು ಮುಬೀನ್ ತಾಜ್. ಸೊಸೈಟಿಯ ಕ್ಲರ್ಕು.
"ಅದು ಬೇರೆ ಫಾಂಟು ಕಣಮ್ಮ," ಅಂದೆ.
"ಗೊತ್ತು. ಬಿಚ್ಚಿ ನೋಡ್ದೆ.
ನಾನೂರ ಹನ್ನೆರಡನೇ ಸಾಲು ತೆಗೆದ್ಹಾಕಿದೆ, ಸರಿಹೋಯ್ತು.
ಈಗ ಕ್ಷ ಕೆಟ್ಟೋಗೈತೆ. ಅದ್ಯಾಕೆ?"

ಆ ಸಾಲಿನ ಬಗ್ಗೆ ಹತ್ತೊಂಬತ್ತು ವರ್ಷದಲ್ಲಿ
'ಅದ್ಯಾಕೆ' ಅಂದವರಿಲ್ಲ. ನಾನೂ ಅಂದಿರಲಿಲ್ಲ.
ರಾತ್ರಿಯ ಪ್ಯಾಸೆಂಜರು ಬಂದು ಹೋಗುವ ತನಕ ಮಾತಾಡಿದೆವು,
ಅರ್ಧ ಜಗಳ.
ಅವಳು ತಪ್ಪಿದ್ದು ಎರಡು ಕಡೆ, ನಾನು ಮೂರು ಕಡೆ.
ಇಡ್ಲಿ ಕಟ್ಟಿಸಬೇಕಿರಲಿಲ್ಲ.

ಕೀಲಿ ಕೊಡುವ ದಿನ ಕೈ ತಡೆಯಲಿಲ್ಲ ಅಂದರೆ ಸುಳ್ಳು.
ಪಾಸ್‌ವರ್ಡು ಮರುಳಸಿದ್ದಪ್ಪನ ಸ್ಕೂಟರಿನ ನಂಬರು.
ಮೊದಲು ಅವಳು ಮಾಡಿದ್ದೇ ಅದನ್ನು ಬದಲಿಸಿದ್ದು.
ಮಾಡಬೇಕಾದ್ದೇ.
ಎರಡು ದಿನ ಅವಳ ಫೋನು ನಾನು ಎತ್ತಲಿಲ್ಲ.

ಬರೆದವರ ಪಟ್ಟಿಯ ಕೊನೆಯಲ್ಲಿ ಅವಳ ಹೆಸರು ಸೇರಿಸಿದ್ದೇನೆ.
ಅಕ್ಷರ ಕೆಟ್ಟರೆ ಜನ ಮೊದಲು ಕರೆಯುವುದು ಆ ಹೆಸರನ್ನೇ.

ನಿನ್ನೆ ಹಗಲು ಬೆಳಕಿನಲ್ಲಿ ತೆರೆದು ನೋಡಿದೆ.
ನಾನೂರ ಹನ್ನೆರಡು ಇದ್ದಲ್ಲಿ ಈಗ ಒಂಬತ್ತು ಸಾಲು,
ಓದಿದರೆ ತಿಳಿಯುವಂಥವು.
ಮರುಳಸಿದ್ದಪ್ಪನ ಟಿಪ್ಪಣಿ ಅಳಿಸಿಲ್ಲ,
ಅದರ ಕೆಳಗೆ ತನ್ನದೊಂದು ಇಟ್ಟಿದ್ದಾಳೆ:
"ಕೈ ಹಾಕಿದೆ. ಕ್ಷಮಿಸಿ.
ನಡೆಯುವುದು ಹೀಗೆ:"